ಪಹಣಿಯಲ್ಲಿ ಖರಾಬು ಎಂದು ಬರೆದ ಬಂಡೆಯಲ್ಲಿ ಗಿಡಗಳಿಗೆ ಆಸರೆ ಇದೆಯೇ?

ಹುನಗುಂದ ತಾಲ್ಲೂಕಿನ ರೈತ:

ಎಲ್ಲರಿಗೂ ಶರಣು. ನಮ್ಮದು ಏಳು ಎಕರೆ ಜಮೀನು. ಐದು ಎಕರೆ ಮಸಾರಿ, ಉಳಿದ ಎರಡು ಎಕರೆ ಬರೀ ಬಂಡೆ. ಪಹಣಿಯಲ್ಲಿ ಆ ಎರಡು ಎಕರೆಯನ್ನು ಖರಾಬು ಎಂದೇ ಬರೆದಿದ್ದಾರೆ, ನಾವೂ ಮೂರು ತಲೆಮಾರಿನಿಂದ ಅದನ್ನು ಲೆಕ್ಕಕ್ಕೆ ಹಿಡಿದವರಲ್ಲ. ಈಗ ಬಂಡೆ ಒಡೆದು ಜಲ್ಲಿ ಮಾಡುವ ಖಡಿ ಮಷಿನ್ ನಡೆಸುವವರೊಬ್ಬರು ಅದನ್ನು ಗುತ್ತಿಗೆಗೆ ಕೇಳುತ್ತಿದ್ದಾರೆ. ತಮ್ಮ ಕೊಟ್ಟುಬಿಡೋಣ ಎನ್ನುತ್ತಾನೆ. ಅವ್ವ ಮಾತ್ರ ಒಪ್ಪುತ್ತಿಲ್ಲ. 2023ರ ಬರಗಾಲದಲ್ಲಿ ಹೊಲದ ಬದುವಿನ ಮೇಲಿನ ಹುಲ್ಲು ಸುದ್ದಾ ಸುಟ್ಟುಹೋಗಿದ್ದಾಗ ಆ ಬಂಡೆಯ ಸಂದಿನಲ್ಲಿ ಮಂಗರಬಳ್ಳಿ ಹಸಿರಾಗಿತ್ತು, ಕಲ್ಲರಳಿ ಚಿಗುರಿತ್ತು, ಅಂಥ ಜಾಗವನ್ನು ಒಡೆಸಬಾರದು ಎಂಬುದು ಅವಳ ವಾದ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಕಲ್ಲಿನ ನೆಲೆಗಳೇ ಹಲವು ಗಿಡಗಳಿಗೆ ಕೊನೆಯ ಆಸರೆಯಾಗುತ್ತವೆ ಎಂದು ನಾನೂ ಎಲ್ಲೋ ಓದಿದ್ದೇನೆ. ಆದರೆ ಬೇಸಿಗೆಯಲ್ಲಿ ಬರಿಗಾಲಲ್ಲಿ ಆ ಬಂಡೆಯ ಮೇಲೆ ಹತ್ತು ಹೆಜ್ಜೆ ನಡೆಯಲಾಗುವುದಿಲ್ಲ. ಅಷ್ಟು ಕಾಯುವ ಜಾಗ ಆಸರೆ ಹೇಗಾದೀತು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಬಾದಾಮಿಯ ನಿವೃತ್ತ ವಿಜ್ಞಾನ ಶಿಕ್ಷಕ:

ನಿಮ್ಮ ತಾಯಿಯವರು ಕಂಡದ್ದು ನಿಜ, ನಿಮ್ಮ ಅಂಗಾಲು ಹೇಳಿದ್ದೂ ನಿಜ. ಎರಡೂ ಒಂದೇ ಬಂಡೆಯಲ್ಲಿ ಹೇಗೆ ನಿಜವಾಗುತ್ತವೆ ಎಂಬುದೇ ಈ ವಿಷಯದ ತಿರುಳು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕು.

ಬಾದಾಮಿಯಲ್ಲಿ ವಸ್ತುಸಂಗ್ರಹಾಲಯದ ಪಕ್ಕದಿಂದ ಉತ್ತರದ ಕೋಟೆಗೆ ಹತ್ತುವ ದಾರಿಯನ್ನು ನೀವು ನೋಡಿರಬಹುದು. ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆ ನೆಟ್ಟಗೆ ನಿಂತಿರುತ್ತದೆ, ನಡುವೆ ನಾಲ್ಕಾರು ಜನ ಜೋಡಿಯಾಗಿ ನಡೆಯುವಷ್ಟು ಸೀಳು. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗಿನ ಬಯಲಿನಿಂದ ಆ ಸೀಳಿನೊಳಗೆ ಕಾಲಿಟ್ಟೊಡನೆ ಮೈಗೆ ತಂಪು ತಾಗುತ್ತದೆ. ಕಲ್ಲು ಬಿಸಿಯನ್ನು ಒಳಕ್ಕೆ ಬಹಳ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಹಗಲಿನ ಕಾವು ಒಳಗಿಳಿಯುವ ಹೊತ್ತಿಗೆ ರಾತ್ರಿಯಾಗಿ ಮೇಲ್ಮೈ ಮತ್ತೆ ಆರತೊಡಗಿರುತ್ತದೆ, ಹೀಗಾಗಿ ಬಂಡೆಯ ಅರ್ಧ ಮೀಟರ್ ಆಳದಲ್ಲಿ ಹಗಲು ರಾತ್ರಿಯ ಏರಿಳಿತ ಬಹುತೇಕ ಅಳಿಸಿಹೋಗುತ್ತದೆ. ಬಿಸಿಲಿಗೆ ತೆರೆದ ಬಂಡೆಯ ಮೈ 60 ಡಿಗ್ರಿ ಮುಟ್ಟಿದ ದಿನವೂ ಅದೇ ಬಂಡೆಯ ಆಳವಾದ ಸಂದಿನಲ್ಲಿರುವ ಬೇರು ಆ ಸುಡುವಿಕೆಯನ್ನು ಕಾಣುವುದಿಲ್ಲ. ನಿಮ್ಮ ಅಂಗಾಲು ಬಂಡೆಯ ಮೈಯನ್ನು ಮುಟ್ಟಿತು, ಮಂಗರಬಳ್ಳಿಯ ಬೇರು ಸಂದಿನ ಒಳಗಿತ್ತು.

ಎರಡನೆಯದು ನೀರಿನ ಲೆಕ್ಕ, ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯವಾದದ್ದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಬಂಡೆಯ 100 ಚದರ ಮೀಟರ್ ಹಾಸು ಒಂದೇ ಬಿರುಕಿನ ಕಡೆಗೆ ಇಳಿಜಾರಾಗಿದೆ ಎಂದುಕೊಳ್ಳಿ. 10 ಮಿಲಿಮೀಟರ್ ಮಳೆಗೆ ಆ ಹಾಸಿನ ಮೇಲೆ 1000 ಲೀಟರ್ ಬೀಳುತ್ತದೆ. ಒಂದಿಷ್ಟು ಆವಿಯಾಗಿ, ಒಂದಿಷ್ಟು ಅಲ್ಲಲ್ಲಿ ನಿಂತು ಹೋದರೂ ಉಳಿದದ್ದೆಲ್ಲ ಆ ಬಿರುಕಿಗೇ ಇಳಿಯುತ್ತದೆ. ಅದೇ ಮಳೆ ಹೊಲದ ಮೇಲೆ ಬಿದ್ದರೆ ಪ್ರತಿ ಚದರ ಮೀಟರಿಗೆ ಸಿಗುವುದು ಹತ್ತೇ ಲೀಟರ್, ಅದೂ ಮೇಲಿನ ಮಣ್ಣಿನಲ್ಲೇ ನಿಂತು ಮೂರು ದಿನದ ಬಿಸಿಲಿಗೆ ಹಾರಿಹೋಗುತ್ತದೆ. ಸಂದಿನೊಳಗಿನ ನೀರಿನ ಮೇಲೆ ಕಲ್ಲೇ ಮುಚ್ಚಳವಾಗಿ ಕುಳಿತಿರುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನಮ್ಮ ಸೀಮೆಯಲ್ಲಿ ಬಿರುಕಿನ ಗಿಡವೊಂದು ಅದಕ್ಕಿಂತ ಎಷ್ಟೋ ಹೆಚ್ಚು ಮಳೆಯ ನಾಡಿನಲ್ಲಿದ್ದಂತೆ ಬದುಕುವುದು ಇದರಿಂದಲೇ. ಮಳೆಗಾಲದಲ್ಲಿ ಅಗಸ್ತ್ಯತೀರ್ಥದ ಮೇಲಿನ ಬಂಡೆಯಿಂದ ಅಕ್ಕ–ತಂಗಿ ಜಲಪಾತ ಧುಮುಕುವುದನ್ನು ಕಂಡವರಿಗೆ ಬರಿಬಂಡೆ ಎಷ್ಟು ನೀರನ್ನು ಕೂಡಿಹಾಕಿ ಕೊಡುತ್ತದೆ ಎಂಬುದು ಗೊತ್ತಿರುತ್ತದೆ.

ಇನ್ನು ಗುಡ್ಡದ ಎತ್ತರದ ವಿಷಯ. ಬಿಸಿ ಏರಿದರೆ ಗಿಡಗಳು ಮೆಲ್ಲಗೆ ಮೇಲಕ್ಕೆ ಸರಿಯುತ್ತವೆ ಎಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. 1000 ಮೀಟರ್ ಮೇಲೆ ಹೋದರೆ ಗಾಳಿಯ ತಾಪ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಮಾಲಯಕ್ಕೆ ಸರಿ. ನಮ್ಮ ಬಾದಾಮಿ, ಕೆರೂರು, ಗುಳೇದಗುಡ್ಡದ ಗುಡ್ಡಗಳು ಸುತ್ತಲಿನ ಬಯಲಿಗಿಂತ ನೂರಿನ್ನೂರು ಮೀಟರ್ ಎತ್ತರ ಇದ್ದರೆ ಹೆಚ್ಚು. ಬುಡದಿಂದ ನೆತ್ತಿಗೆ ಏರಿದ ಗಿಡಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಡಿಗ್ರಿಯ ಆಸುಪಾಸು. ಜಗತ್ತಿನ ಸರಾಸರಿ ತಾಪಮಾನ 1850–1900ರ ಅವಧಿಗೆ ಹೋಲಿಸಿದರೆ 2011–2020ರ ದಶಕದ ಹೊತ್ತಿಗೇ ಸುಮಾರು 1.1 ಡಿಗ್ರಿ ಏರಿಬಿಟ್ಟಿದೆ. ಅಂದರೆ ಗುಡ್ಡ ಹತ್ತಿ ಗಳಿಸಬಹುದಾದದ್ದು ಆಗಲೇ ಖರ್ಚಾಗಿದೆ. ನಮ್ಮ ಸೀಮೆಯ ಗಿಡಗಳಿಗೆ ಉಳಿದಿರುವ ದಾರಿ ಸಂದಿನ ಒಳಕ್ಕೆ ಹೋಗುವ ದಾರಿಯೊಂದೇ.

ಖಾನಾಪುರದ ಸಸ್ಯಶಾಸ್ತ್ರ ವಿದ್ಯಾರ್ಥಿನಿ:

ಗುರುಗಳೇ, ನಿಮ್ಮ ಮಾತಿಗೆ ನಮ್ಮ ಕಡೆಯ ಒಂದು ಸಂಗತಿಯನ್ನು ಸೇರಿಸಲು ಅಪ್ಪಣೆ ಕೊಡಿ. ಕಲ್ಲಿನ ನೆಲೆ ಎಂದೊಡನೆ ಎಲ್ಲರೂ ಬಿರುಕು, ಗವಿಗಳನ್ನೇ ನೆನೆಯುತ್ತಾರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ, ಚೋರ್ಲಾ ಘಾಟಿನ ಕಡೆಗೆ ಹೋಗುವಾಗ, ಜಂಬಿಟ್ಟಿಗೆ ಕಲ್ಲಿನ ಅಗಲವಾದ ಹಾಸುಗಳಿವೆ. ಮಾರ್ಚಿನಲ್ಲಿ ನೋಡಿದರೆ ಅಲ್ಲಿ ಕಪ್ಪು ಕಲ್ಲೂ ಒಣ ಕರಡವೂ ಬಿಟ್ಟರೆ ಏನೂ ಇಲ್ಲವೆಂದು ಅನಿಸುತ್ತದೆ. ಆಗಸ್ಟಿನಲ್ಲಿ ಅದೇ ಹಾಸಿನ ಮೇಲೆ ಬೆರಳಿನ ಎತ್ತರದ ನೀಲಿ ಯುಟ್ರಿಕುಲೇರಿಯಾ, ಬಿಳಿ ಗುಂಡಿಯಂಥ ಹೂವಿನ ಎರಿಯೋಕಾಲಾನ್, ಅಂಟುಹನಿಯಿಂದ ಹುಳ ಹಿಡಿಯುವ ಡ್ರಾಸೆರಾ ತುಂಬಿಕೊಳ್ಳುತ್ತವೆ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಸಾತಾರಾದ ಕಾಸ್ ಪ್ರಸ್ಥಭೂಮಿಯೂ ಇದೆ, ಅದು ಇದೇ ಬಗೆಯ ನೆಲೆ.

ಈ ಗಿಡಗಳು ಕಲ್ಲಿನ ಮೇಲೆ ಇರುವುದು ತಂಪಿಗಾಗಿ ಅಲ್ಲ. ಎರಡು ಬೆರಳು ದಪ್ಪದ ಮಣ್ಣಿನಲ್ಲಿ ದೊಡ್ಡ ಮರ, ಎತ್ತರದ ಹುಲ್ಲು ಬೇರೂರಲಾರವು, ಹೀಗಾಗಿ ಈ ಪುಟ್ಟ ಗಿಡಗಳ ಮೇಲೆ ನೆರಳು ಹಾಕುವವರು ಯಾರೂ ಇಲ್ಲ. ಆ ಮಣ್ಣಿನಲ್ಲಿ ಸಾರಜನಕ ತೀರ ಕಡಿಮೆಯಾದ್ದರಿಂದಲೇ ಯುಟ್ರಿಕುಲೇರಿಯಾ, ಡ್ರಾಸೆರಾಗಳು ಹುಳಗಳಿಂದ ಅದನ್ನು ಪಡೆಯುತ್ತವೆ. ಇಲ್ಲಿ ಬಂಡೆ ಕಾಯುತ್ತಿರುವುದು ಬಲಶಾಲಿಗಳ ಪೈಪೋಟಿಯಿಂದ. ಆದರೆ ಬಿಸಿ ಏರಿದಾಗ, ಜುಲೈ ಆಗಸ್ಟಿನಲ್ಲಿ ಮಳೆಯ ನಡುವಿನ ಬಿಡುವು ಉದ್ದವಾದಾಗ, ಈ ಹಾಸಿನ ನೀರು ಹಾರಿಹೋಗಿ ಬೀಜ ಕಟ್ಟುವ ಮುಂಚೆಯೇ ಗಿಡ ಒಣಗಬಹುದು. ಆದ್ದರಿಂದ ಎಲ್ಲ ಕಲ್ಲಿನ ನೆಲೆಗಳೂ ಬಿಸಿಯಿಂದ ಕಾಪಾಡುತ್ತವೆ ಎಂದು ಒಟ್ಟಾರೆ ಹೇಳುವಂತಿಲ್ಲ. ಆಳವಾದ ಸಂದು ಆಸರೆಯಾಗುತ್ತದೆ, ತೆಳುಮಣ್ಣಿನ ಹಾಸು ಸ್ವತಃ ಆಪತ್ತಿನಲ್ಲಿರುವ ನೆಲೆ.

ವಿಜಯಪುರದಿಂದ ಒಬ್ಬ ಓದುಗ:

ನಮ್ಮ ಜಿಲ್ಲೆಯಲ್ಲಿ ಬಾದಾಮಿಯಂಥ ಸೀಳುಗಳಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಗಲ್ಲು, ಅದರ ಮೇಲೆ ಎರಿಭೂಮಿ, ಅಲ್ಲಲ್ಲಿ ಗರಸಿನ ಮಡ್ಡಿ, ಅಷ್ಟೇ. ಇಲ್ಲಿ ಬೇಸಿಗೆಯ ರಾತ್ರಿ ಕಲ್ಲಿನ ಕಟ್ಟೆಯ ಮೇಲೆ ಹಾಸಿಗೆ ಹಾಕಿದರೆ ಹನ್ನೊಂದು ಗಂಟೆಗೂ ಕೆಳಗಿನಿಂದ ಕಾವು ಬರುತ್ತಿರುತ್ತದೆ. ಕಲ್ಲು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ ಎಂದ ಮೇಲೆ ಅದರ ಪಕ್ಕದ ಗಿಡಕ್ಕೆ ರಾತ್ರಿಯೂ ಬಿಡುವಿಲ್ಲದಂತೆ ಆಗುವುದಿಲ್ಲವೇ? ಶಿಕ್ಷಕರು ಇದಕ್ಕೆ ಉತ್ತರಿಸಬೇಕೆಂದು ಕೋರುತ್ತೇನೆ.

ಒಂದು ಮಾತನ್ನು ಮಾತ್ರ ನಾನೂ ಒಪ್ಪುತ್ತೇನೆ. ನಮ್ಮೂರಿನ ಹಳೆಯ ಬಾವಡಿಯೊಂದರ ಮೆಟ್ಟಿಲಿಳಿದು ನೀರಿನ ಮಟ್ಟಕ್ಕೆ ಹೋದರೆ ಒಳಗೋಡೆಯ ಕಲ್ಲಿನ ಜೋಡಣೆಯಲ್ಲಿ ಕರಿಕಡ್ಡಿಯ ಜರಿಗಿಡಗಳು ಜೋತುಬಿದ್ದಿರುತ್ತವೆ. ಮೇಲೆ ನೂರು ಹೆಜ್ಜೆ ದೂರದಲ್ಲಿ ಬಳ್ಳಾರಿ ಜಾಲಿ ಬಿಟ್ಟರೆ ಬೇರೆ ಹಸಿರಿಲ್ಲ. ಮನುಷ್ಯರು ಕಟ್ಟಿದ ಕಲ್ಲಿನ ಸಂದೂ ಆಸರೆಯ ಲೆಕ್ಕಕ್ಕೆ ಬರುತ್ತದೆಯೇ?

ಬಾದಾಮಿಯ ನಿವೃತ್ತ ವಿಜ್ಞಾನ ಶಿಕ್ಷಕ:

ಖಂಡಿತವಾಗಿ ಬರುತ್ತದೆ. ಬಾವಡಿ ಎಂದರೆ ನೆರಳು, ಒಸರು, ಗಾಳಿಯಾಡದ ತೇವ, ಮೂರೂ ಕೂಡಿದ ಜಾಗ. ಗಿಡಕ್ಕೆ ಆ ಸೀಳನ್ನು ಹಳ್ಳ ಕೊರೆಯಿತೋ ಆದಿಲಶಾಹಿ ಕಾಲದ ಕಲ್ಲುಕುಟಿಗ ಕೊರೆದನೋ ಎಂಬುದರಿಂದ ವ್ಯತ್ಯಾಸವಾಗದು.

ನಿಮ್ಮ ಮೊದಲ ಪ್ರಶ್ನೆ ಬಹಳ ಸರಿಯಾದದ್ದು. ಹಗಲೆಲ್ಲ ಬಿಸಿಲು ಕುಡಿದ ಬಂಡೆ ರಾತ್ರಿ ಕಾವು ಬಿಡುವುದು ನಿಜ, ಆದ್ದರಿಂದ ಬಿಸಿಲೇ ಬೀಳದ ಅಥವಾ ಕಡಿಮೆ ಬೀಳುವ ಮುಖವನ್ನು ನಾವು ಹುಡುಕಬೇಕು. ನಾವು ಭೂಮಧ್ಯರೇಖೆಯ ಉತ್ತರಕ್ಕಿರುವುದರಿಂದ ಉತ್ತರಕ್ಕೆ ಮುಖ ಮಾಡಿದ ಓರೆ ತಂಪು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬಾದಾಮಿಯಲ್ಲೇ ಇದನ್ನು ಕಾಣಬಹುದು. ಗುಹಾಲಯಗಳಿರುವ ತೆಂಕಣ ಗುಡ್ಡದ ಮುಖ ಉತ್ತರಕ್ಕಿದೆ, ಕೆರೆಯಾಚೆಯ ಬಡಗಣ ಗುಡ್ಡದ ಮುಖ ದಕ್ಷಿಣಕ್ಕಿದೆ. ಫೆಬ್ರುವರಿಯಲ್ಲಿ ಒಂದು ನೆರಳಿನಲ್ಲಿದ್ದಾಗ ಇನ್ನೊಂದು ನೆತ್ತಿಯಿಂದ ಬುಡದವರೆಗೆ ಬಿಸಿಲಿನಲ್ಲಿ ಬೇಯುತ್ತಿರುತ್ತದೆ.

ಆದರೆ ಯುರೋಪಿನಲ್ಲಿ ಮಾಡಿದ ಈ ಸೂತ್ರವನ್ನು ಇಲ್ಲಿ ಕಣ್ಣುಮುಚ್ಚಿ ಒಪ್ಪಬಾರದು. ಬಾದಾಮಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಲ್ಲಿ ಸೂರ್ಯ ನಡುಹಗಲಿಗೆ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 8ರ ಸುಮಾರಿನವರೆಗೆ ಮಧ್ಯಾಹ್ನ ನಮ್ಮ ಉತ್ತರಕ್ಕೇ ಇರುತ್ತಾನೆ. ಆ ಮೂರು ತಿಂಗಳು ಉತ್ತರದ ಮುಖಕ್ಕೂ ಬಿಸಿಲು ತಾಗುತ್ತದೆ. ಹಾಗಿದ್ದರೂ ಉತ್ತರದ ಮುಖವೇ ಮೇಲು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಆಗ ಬಿಸಿಲು ನೆತ್ತಿಯ ಹತ್ತಿರದಿಂದ ಇಳಿಯುವುದರಿಂದ ನೆಟ್ಟಗಿನ ಗೋಡೆಯನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಎದುರಿನಿಂದ ಹೊಡೆಯುವುದಿಲ್ಲ. ಅಲ್ಲದೆ ಕೃತ್ತಿಕಾ, ರೋಹಿಣಿ ಮಳೆಗಳು ಹನಿಯತೊಡಗುವುದೂ, ಮಿರಗದ ಮೋಡ ಕವಿಯುವುದೂ ಆ ಅವಧಿಯಲ್ಲೇ. ಗಿಡವನ್ನು ನಿಜವಾಗಿ ಹಿಂಡುವುದು ಒಣಗಾಳಿಯ ಫೆಬ್ರುವರಿ, ಮಾರ್ಚ್, ಏಪ್ರಿಲ್ ತಿಂಗಳುಗಳು, ಆಗ ಸೂರ್ಯ ಮಧ್ಯಾಹ್ನ ದಕ್ಷಿಣಕ್ಕಿರುತ್ತಾನೆ. ಪಶ್ಚಿಮದ ಮುಖ ಮಾತ್ರ ವರ್ಷವಿಡೀ ಕೆಟ್ಟದ್ದು, ಗಾಳಿ ಆಗಲೇ ಕಾದಿರುವ ಸಂಜೆಮುಂದಿನ ಬಿಸಿಲು ಅದರ ಮೇಲೆ ಬೀಳುತ್ತದೆ.

ನಾನು ಶಾಲೆಯಲ್ಲಿದ್ದಾಗ ಮಕ್ಕಳಿಗೆ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಒಂದೇ ಟವೆಲನ್ನು ಹರಿದು ಎರಡು ತುಂಡು ಮಾಡಿ, ಒಂದೇ ಕೊಡದ ನೀರಿನಲ್ಲಿ ಅದ್ದಿ ಹಿಂಡಿ, ಒಂದನ್ನು ಬಂಡೆಯ ಮೇಲೆ, ಇನ್ನೊಂದನ್ನು ಮೊಳದಗಲದ ಸಂದಿನೊಳಗೆ ಕಡ್ಡಿಗೆ ಇಳಿಬಿಡುತ್ತಿದ್ದೆವು. ಮಕ್ಕಳು ಬುತ್ತಿ ಬಿಚ್ಚಿ ರೊಟ್ಟಿ ತಿಂದು ಮುಗಿಸುವುದರೊಳಗೆ ಮೇಲಿನ ತುಂಡು ಹಪ್ಪಳದಂತೆ ಒಣಗಿರುತ್ತಿತ್ತು. ಒಳಗಿನದನ್ನು ಸಂಜೆ ಇಳಿಯುವಾಗ ಮುಟ್ಟಿ ನೋಡಿದರೆ ಇನ್ನೂ ಬೆರಳಿಗೆ ತೇವ ತಾಗುತ್ತಿತ್ತು. ಎಲೆಯಿಂದ ನೀರು ಹಾರುವ ವೇಗವೂ ಹೀಗೆಯೇ ಬದಲಾಗುತ್ತದೆ ಎಂದು ಅನಂತರ ಬಿಡಿಸಿ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಗೋಕಾಕದ ಸಸ್ಯಕ್ಷೇತ್ರದಲ್ಲಿ ದುಡಿಯುವವಳು:

ನಾನು ಇಪ್ಪತ್ತು ವರ್ಷಗಳಿಂದ ಸಸಿ ಬೆಳೆಸುತ್ತಿದ್ದೇನೆ. ಈ ಚರ್ಚೆ ಓದಿ ಮನಸ್ಸಿನಲ್ಲಿದ್ದ ಒಂದು ನೋವನ್ನು ಬರೆಯಬೇಕೆನಿಸಿತು. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಕಲ್ಲುಗುಡ್ಡವನ್ನು ಹಸಿರು ಮಾಡುವ ಕೆಲಸಕ್ಕೆ ನಾನೂ ಹೋಗಿದ್ದೆ. ಬಂಡೆಗಳ ನಡುವೆ ಎಲ್ಲೆಲ್ಲಿ ಮಣ್ಣು ಕಂಡಿತೋ ಅಲ್ಲೆಲ್ಲ ಒಂದೂವರೆ ಅಡಿಯ ಗುಂಡಿ ತೋಡಬೇಕೆಂದು ಹೇಳಿದ್ದರು. ಕಲ್ಲುಗುಡ್ಡದಲ್ಲಿ ಮಣ್ಣು ಇರುವುದು ಸಂದಿನಲ್ಲಿ ಮಾತ್ರ, ಅಂದರೆ ನೀವೆಲ್ಲ ಆಸರೆ ಎನ್ನುತ್ತಿರುವ ಜಾಗದಲ್ಲೇ. ನಾವು ಗುದ್ದಲಿ ಹಾಕಿದಾಗ ಎದ್ದುಬಂದದ್ದು ಗೆಡ್ಡೆಗಳು, ಜರಿಯ ಬೇರಿನ ಗಂಟುಗಳು, ಹೆಸರೇ ಗೊತ್ತಿಲ್ಲದ ಸಣ್ಣ ಈರುಳ್ಳಿಯಂಥ ಗಡ್ಡೆಗಳು. ಅವನ್ನು ಬದಿಗೆ ಎಸೆದು ನೀಲಗಿರಿ, ಗ್ಲಿರಿಸಿಡಿಯಾ ಸಸಿ ನೆಟ್ಟೆವು. ಎರಡನೆಯ ಬೇಸಿಗೆಗೆ ಹೆಚ್ಚಿನವು ಒಣಗಿದವು. ಮೊದಲಿದ್ದದ್ದೂ ಹೋಯಿತು, ನೆಟ್ಟದ್ದೂ ಉಳಿಯಲಿಲ್ಲ. ಬರಿಗುಡ್ಡ ಎಂದು ಕಂಡಕೂಡಲೇ ಗಿಡ ನೆಡಲು ಓಡುವ ಮುಂಚೆ ಅಲ್ಲಿ ಈಗಾಗಲೇ ಏನಿದೆ ಎಂದು ಒಂದು ಮಳೆಗಾಲ ಪೂರ್ತಿ ನೋಡಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಖಾನಾಪುರದ ಸಸ್ಯಶಾಸ್ತ್ರ ವಿದ್ಯಾರ್ಥಿನಿ:

ಅಕ್ಕಾವ್ರೆ, ನೀವು ಬರೆದದ್ದನ್ನು ಓದಿ ಸಂಕಟವಾಯಿತು. ಕಲ್ಲುಸಂದಿನ ಅನೇಕ ಗಿಡಗಳು ವರ್ಷದ ಎಂಟು ತಿಂಗಳು ನೆಲದೊಳಗೆ ಗೆಡ್ಡೆಯಾಗಿ ಮಲಗಿರುತ್ತವೆ, ಬೇಸಿಗೆಯಲ್ಲಿ ಸಮೀಕ್ಷೆಗೆ ಬಂದವರ ಕಣ್ಣಿಗೆ ಅವು ಬೀಳುವುದೇ ಇಲ್ಲ. ಇನ್ನು ಕೆಲವು ಕಣ್ಣೆದುರೇ ಇದ್ದರೂ ಸತ್ತಂತೆ ತೋರುತ್ತವೆ. ಮಯೂರಶಿಖೆ ಎಂಬ ಬೀಸಣಿಗೆಯಂಥ ಪುಟ್ಟ ಜರಿಗಿಡ ಹಳೆಯ ಗೋಡೆಯಲ್ಲೂ ಬಂಡೆಯ ಬಿರುಕಿನಲ್ಲೂ ಬೆಳೆಯುತ್ತದೆ. ಬೇಸಿಗೆಯಲ್ಲಿ ಅದರ ಗರಿಗಳು ಒಣಗಿ ಮುಷ್ಟಿಯಂತೆ ಮುದುರಿಕೊಂಡಿರುತ್ತವೆ, ಮಳೆ ಬಿದ್ದ ಮೇಲೆ ಅವೇ ಗರಿಗಳು ಮತ್ತೆ ಬಿಡಿಸಿಕೊಂಡು ಹಸಿರಾಗುತ್ತವೆ. ಟ್ರೈಪೊಗಾನ್ ಜಾತಿಯ ಹುಲ್ಲುಗಳೂ ಹೀಗೆಯೇ. ಮೈಯ ನೀರನ್ನೆಲ್ಲ ಕಳೆದುಕೊಂಡೂ ಜೀವ ಹಿಡಿದಿರುವ ಇಂಥ ಗಿಡಗಳು ಬಂಡೆಯ ನೆಲೆಗಳಲ್ಲೇ ಹೆಚ್ಚಾಗಿ ಕಾಣುತ್ತವೆ.

ಆಸರೆ ಎಂಬುದು ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ನಾನು ಓದಿದ ಎರಡು ಉದಾಹರಣೆಗಳನ್ನು ಕೊಡುತ್ತೇನೆ, ಎರಡೂ ಬಾದಾಮಿಯಂಥ ಮರಳುಗಲ್ಲಿನ ಸೀಮೆಯವು. ಅಲ್ಜೀರಿಯಾದ ತಸ್ಸಿಲಿ ನಾಜೆರ್ ಎಂಬ ಪ್ರಸ್ಥಭೂಮಿ ಸಹಾರಾ ಮರುಭೂಮಿಯ ನಡುವೆ ಇದೆ. ಸಾವಿರಾರು ವರ್ಷಗಳ ಹಿಂದೆ ಸಹಾರಾ ಹುಲ್ಲುಗಾವಲಾಗಿತ್ತು, ಅಲ್ಲಿನ ಕಲ್ಲಾಸರೆಗಳ ಗೋಡೆಯ ಮೇಲೆ ದನಗಳ ಹಿಂಡಿನ ಚಿತ್ರಗಳು ಇಂದಿಗೂ ಇವೆ. ನಾಡು ಒಣಗಿ ಮರುಭೂಮಿಯಾದ ಮೇಲೂ ಆ ಮರಳುಗಲ್ಲಿನ ಕಣಿವೆಗಳಲ್ಲಿ ಸಹಾರಾ ಸೈಪ್ರಸ್ ಎಂಬ ಮರ ಉಳಿದುಕೊಂಡಿತು. ಎಣಿಸಿದಾಗ ಸಿಕ್ಕವು ಸುಮಾರು 230 ಮರಗಳು ಮಾತ್ರ. ಎರಡನೆಯದು ಆಸ್ಟ್ರೇಲಿಯಾದ ವೊಲೆಮಿ ಪೈನ್. 1994ರಲ್ಲಿ ಸಿಡ್ನಿಯ ವಾಯವ್ಯಕ್ಕಿರುವ ಮರಳುಗಲ್ಲಿನ ಆಳ ಕಮರಿಯೊಂದರಲ್ಲಿ ಅದು ಪತ್ತೆಯಾಯಿತು. ಕಾಡಿನಲ್ಲಿ ಬೆಳೆದು ನಿಂತ ಮರಗಳು ನೂರಕ್ಕೂ ಕಡಿಮೆ. ಅಷ್ಟು ಕಾಲ ಅದನ್ನು ಕಾಪಾಡಿದ ಕಮರಿಗೆ 2019–20ರ ಕಾಳ್ಗಿಚ್ಚು ಹತ್ತಿರ ಬಂದಾಗ ಅಗ್ನಿಶಾಮಕರು ಕಮರಿಗಿಳಿದು ನೀರು ಹನಿಸುವ ವ್ಯವಸ್ಥೆ ಮಾಡಿ, ವಿಮಾನದಿಂದ ಬೆಂಕಿತಡೆ ದ್ರಾವಣ ಸುರಿದು ಅದನ್ನು ಉಳಿಸಿಕೊಳ್ಳಬೇಕಾಯಿತು.

ಇವೆರಡನ್ನೂ ನಾನು ಬರಿಯ ನಂಬಿಕೆ ಹುಟ್ಟಿಸಲು ಬರೆಯಲಿಲ್ಲ. ಮರಗಳು ಉಳಿದವು ನಿಜ, ಆದರೆ ನೂರಿನ್ನೂರರ ಲೆಕ್ಕಕ್ಕೆ ಇಳಿದವು. ಸಣ್ಣ ಗುಂಪು ತನ್ನತನ್ನಲ್ಲೇ ಪರಾಗ ಹಂಚಿಕೊಂಡು ತಲೆಮಾರಿನಿಂದ ತಲೆಮಾರಿಗೆ ಬಡವಾಗುತ್ತದೆ. ಸಂದಿನಲ್ಲಿ ಒಂದು ಹಳೆಯ ಮರ ನಿಂತಿದ್ದು, ಅದರ ಬುಡದಲ್ಲಿ ಒಂದೂ ಮರಿಗಿಡ ಇಲ್ಲದಿದ್ದರೆ, ಅದು ಆಸರೆಯಲ್ಲ. ಹಳೆಯ ಹವೆಯಲ್ಲಿ ಬೇರೂರಿದ ಮರ ತನ್ನ ಆಯುಷ್ಯ ಇರುವಷ್ಟು ದಿನ ನಿಂತಿದೆ ಎಂದಷ್ಟೇ ಅದರ ಅರ್ಥ. ಹೊಸ ಸಸಿ ಹುಟ್ಟುತ್ತಿದೆಯೇ ಎಂಬುದನ್ನು ನೋಡದೆ ಯಾವ ಬಂಡೆಯನ್ನೂ ಆಶ್ರಯತಾಣ ಎಂದು ಕರೆಯಬಾರದು. ನೀರಿನ ಮಾತೂ ಹಾಗೆಯೇ. ಮಳೆಯೇ ಕೈಕೊಟ್ಟರೆ ಒಸರು ಬತ್ತುತ್ತದೆ, ಒಸರು ಬತ್ತಿದ ಮೇಲೆ ಸಂದಿನ ನೆರಳೊಂದೇ ಸಾಲದು.

ಬೀಳಗಿ ಕಡೆಯ ಕುರಿಗಾರರ ಮನೆಯ ಮಗ:

ನನ್ನ ಅಪ್ಪನವರು ಓದು ಬರಹ ಬಲ್ಲವರಲ್ಲ, ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಗುಡ್ಡದಲ್ಲಿ ಯಾವ ದೊಣೆಯಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆ ಎಂಬುದು ಕುರಿ ಕಾಯುವವರಿಗೆ ಬಾಯಿಪಾಠವಾಗಿರುತ್ತದೆ. ಕೆಲವು ದೊಣೆ ದೀಪಾವಳಿಗೆ ಬತ್ತುತ್ತವೆ, ಕೆಲವು ಶಿವರಾತ್ರಿಯವರೆಗೆ ಬರುತ್ತವೆ, ಎಲ್ಲೋ ಒಂದೆರಡು ಯುಗಾದಿ ದಾಟುತ್ತವೆ. ಯುಗಾದಿ ದಾಟುವ ದೊಣೆಯ ಸುತ್ತಲಿನ ಗಿಡಗಳೇ ಬೇರೆ ಎಂದು ಅಪ್ಪ ಹೇಳುತ್ತಾರೆ. ಕುರಿಗಳು ಹಾಸಿನ ಮೇಲಿನ ಹುಲ್ಲನ್ನು ಬುಡಮಟ್ಟ ಮೇಯುತ್ತವೆ, ಆಡು ಇನ್ನೂ ಎತ್ತರಕ್ಕೆ ಹತ್ತುತ್ತದೆ, ಆದರೆ ಕಡಿದಾದ ಸೀಳಿನೊಳಗೆ ಎರಡೂ ಇಳಿಯುವುದಿಲ್ಲ. ಹೊಸ ಹುಲ್ಲು ಚಿಗುರಲೆಂದು ಕೆಲವರು ಗುಡ್ಡಕ್ಕೆ ಬೆಂಕಿ ಇಡುವುದುಂಟು. ಬೆಂಕಿಯೂ ಬರಿಬಂಡೆ ಅಡ್ಡ ಬಂದ ಕಡೆ ನಿಂತುಬಿಡುತ್ತದೆ, ಅದರಾಚೆಯ ಸಂದಿನ ಗಿಡ ಉಳಿಯುತ್ತದೆ. ಆದರೆ ಈಚೆಗೆ ಸಂದಿನ ಬಾಯಿಯಲ್ಲೂ ಲಂಟಾನ ಬೆಳೆದು, ಮೊದಲು ನಿಲ್ಲುತ್ತಿದ್ದ ಬೆಂಕಿ ಅದನ್ನು ಹಿಡಿದು ಒಳಕ್ಕೆ ಹೋಗುತ್ತಿದೆ ಎಂದು ಅಪ್ಪ ಬೇಸರ ಪಡುತ್ತಾರೆ. ಬೆಂಕಿ ಇಡುವುದನ್ನು ಅವರು ಬಿಟ್ಟು ಬಹಳ ವರ್ಷಗಳಾದವು.

ಹುನಗುಂದ ತಾಲ್ಲೂಕಿನ ರೈತ:

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರೆಂದು ಅಂದುಕೊಂಡಿರಲಿಲ್ಲ. ಈಗ ನೇರವಾಗಿ ಕೇಳುತ್ತೇನೆ. ನಮ್ಮ ಕಡೆಯ ಕಲ್ಲು ಬಾದಾಮಿಯ ಮರಳುಗಲ್ಲಲ್ಲ, ಇಳಕಲ್ಲ ಕಡೆಯ ಗ್ರಾನೈಟ್ ಬಂಡೆ. ತಮ್ಮನಿಗೆ ಸಾಲವಿದೆ, ಅವನ ಮಾತನ್ನು ಪೂರ್ತಿ ತಳ್ಳಿಹಾಕುವ ಸ್ಥಿತಿಯಲ್ಲಿ ನಾನಿಲ್ಲ. ಎರಡು ಎಕರೆಯಲ್ಲಿ ಒಂದು ಭಾಗವನ್ನು ಕೊಟ್ಟು ಇನ್ನೊಂದು ಭಾಗವನ್ನು ಉಳಿಸಿಕೊಳ್ಳಬಹುದೇ? ಉಳಿಸಿಕೊಳ್ಳುವುದಾದರೆ ಯಾವುದನ್ನು?

ಬಾದಾಮಿಯ ನಿವೃತ್ತ ವಿಜ್ಞಾನ ಶಿಕ್ಷಕ:

ನಿಮ್ಮ ಮನೆಯ ಕಷ್ಟ ನನಗೆ ಅರ್ಥವಾಗುತ್ತದೆ, ಆದ್ದರಿಂದ ಉಪದೇಶ ಮಾಡುವುದಿಲ್ಲ. ಗ್ರಾನೈಟ್ ಮತ್ತು ಮರಳುಗಲ್ಲಿನ ವ್ಯತ್ಯಾಸದಿಂದ ಆರಂಭಿಸುತ್ತೇನೆ. ಮರಳುಗಲ್ಲು ತನ್ನ ಮೈಯ ರಂಧ್ರಗಳಲ್ಲೂ ಪದರುಗಳ ನಡುವೆಯೂ ನೀರು ಹಿಡಿಯಬಲ್ಲದು, ಅದಕ್ಕೇ ನಮ್ಮಲ್ಲಿ ಗೋಡೆಯ ನಡುವಿನಿಂದ ಒಸರು ಕಾಣುತ್ತದೆ. ಗ್ರಾನೈಟಿನ ಮೈ ಗಟ್ಟಿ, ಅದರಲ್ಲಿ ನೀರು ಇರುವುದು ಬಿರುಕಿನಲ್ಲಿ ಮತ್ತು ಈರುಳ್ಳಿ ಸಿಪ್ಪೆಯಂತೆ ಎದ್ದ ಹೊರಪದರಿನ ಅಡಿಯಲ್ಲಿ ಮಾತ್ರ. ಹೀಗಾಗಿ ನಿಮ್ಮಲ್ಲಿ ಆಸರೆಯ ಜಾಗಗಳು ಎಣಿಸಿದಷ್ಟೇ ಇರುತ್ತವೆ, ಆದರೆ ಗುರುತಿಸುವುದು ಸುಲಭ.

ಏಪ್ರಿಲ್ ಕೊನೆಯ ವಾರದಲ್ಲಿ, ಒಂದು ಹನಿಯೂ ಬೀಳುವ ಮುಂಚೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ನೋಡಿ. ಆಗ ನೆರಳಿನಲ್ಲಿರುವ ಸಂದು ಯಾವುದು, ಅದರೊಳಗೆ ಮೊಳಕೈವರೆಗೆ ಕೈಯಿಟ್ಟಾಗ ಮಣ್ಣು ಬೆರಳಿಗೆ ಅಂಟುತ್ತದೆಯೇ ಉದುರುತ್ತದೆಯೇ, ಕಲ್ಲಿನ ಮೇಲೆ ಹಸಿರು ಅಥವಾ ಕಪ್ಪು ಪಾಚಿಯ ಪಟ್ಟೆ ಯಾವ ದಾರಿಯಲ್ಲಿ ಇಳಿದು ಬಂದಿದೆ ಎಂಬುದನ್ನು ಗಮನಿಸಿ. ಆ ಪಟ್ಟೆ ನೀರು ಹರಿಯುವ ದಾರಿ, ಅದು ಮುಗಿಯುವ ಜಾಗವೇ ನೀರು ಕೂಡುವ ಜಾಗ. ವಿದ್ಯಾರ್ಥಿನಿ ಹೇಳಿದಂತೆ ಕಲ್ಲರಳಿಯ ಬುಡದಲ್ಲಿ ಬೇರೆಬೇರೆ ವಯಸ್ಸಿನ ಮರಿಗಳಿವೆಯೇ ನೋಡಿ. ಕಲ್ಲರಳಿ ಬರಿಯ ಒಂದು ಮರವಲ್ಲ. ಅತ್ತಿಯ ಕುಲದ ಪ್ರತಿಯೊಂದು ಮರಕ್ಕೂ ಸಾಮಾನ್ಯವಾಗಿ ಅದರದೇ ಕಣಜದ ಜಾತಿಯಿಂದ ಪರಾಗಸ್ಪರ್ಶವಾಗಬೇಕು, ಆ ಕಣಜ ಬದುಕುವುದು ಆ ಹಣ್ಣಿನಲ್ಲೇ. ಹಣ್ಣು ತಿಂದ ಹಕ್ಕಿ ಮುಂದಿನ ಬಂಡೆಯ ಸಂದಿನಲ್ಲಿ ಬೀಜ ಹಾಕುತ್ತದೆ. ನಿಮ್ಮ ಬಂಡೆಗೂ ಎರಡು ಮೈಲಿ ಆಚೆಯ ಬಂಡೆಗೂ ನಂಟು ಹೀಗೆ ಉಳಿದಿರುತ್ತದೆ, ನಡುವಿನದೊಂದು ಹೋದರೆ ಉಳಿದವು ದೂರವಾಗುತ್ತವೆ.

ಈಗ ನೀವು ಕೇಳಿದ್ದು. ಸಂದನ್ನು ಉಳಿಸಿ ಅದರ ಮೇಲಿನ ಹಾಸನ್ನು ಒಡೆಸಿದರೆ ಸಂದಿಗೆ ಬರುವ ನೀರು ನಿಲ್ಲುತ್ತದೆ. ನಾನು ಮೊದಲು ಹೇಳಿದ 1000 ಲೀಟರಿನ ಲೆಕ್ಕ ನೆನಪಿಡಿ, ಆ ನೀರನ್ನು ಕೂಡಿಸಿ ಕೊಟ್ಟದ್ದು ಬೋಳಾಗಿ ಕಾಣುವ ಹಾಸು. ಆದ್ದರಿಂದ ಒಂದು ಸಂದು, ಅದಕ್ಕೆ ನೀರು ಕೊಡುವ ಹಾಸು, ಅದರ ದಕ್ಷಿಣ ಮತ್ತು ಪಶ್ಚಿಮಕ್ಕೆ ನಿಂತು ನೆರಳು ಹಾಕುವ ಗುಂಡು, ಈ ಮೂರನ್ನೂ ಸೇರಿಸಿ ಒಂದು ಘಟಕವೆಂದು ಎಣಿಸಬೇಕು. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದೆರಡು ಕೆಲಸ ಮಾಡುವುದಿಲ್ಲ. ಸಿಡಿಮದ್ದಿನ ವಿಷಯವನ್ನೂ ಯೋಚಿಸಿ. ಪಕ್ಕದಲ್ಲಿ ಮದ್ದು ಸಿಡಿಸಿದರೆ ಹೊಸ ಬಿರುಕುಗಳು ಬಿಟ್ಟು, ಇಷ್ಟು ದಿನ ಸಂದಿನಲ್ಲಿ ನಿಲ್ಲುತ್ತಿದ್ದ ನೀರು ಕೆಳಗೆ ಸೋರಿಹೋಗಬಹುದು, ಖಡಿಯ ಧೂಳು ಎಲೆಯ ಮೇಲೆ ಕೂರುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡೇ ಎಕರೆಯಲ್ಲಿ ಅರ್ಧ ಕೊಟ್ಟು ಅರ್ಧ ಉಳಿಸುವುದು ಕಾಗದದ ಮೇಲೆ ಮಾತ್ರ ಸಾಧ್ಯ. ನಿಮ್ಮ ತಮ್ಮನ ಸಾಲಕ್ಕೆ ಬೇರೆ ದಾರಿ ಹುಡುಕಲು ಸಾಧ್ಯವೇ ಎಂದು ಒಂದು ಬಾರಿ ಯೋಚಿಸಿರಿ. ಬಂಡೆಯ ಕೆಳಗಿನ ಅಂಚಿನಲ್ಲಿ ಹರಿದು ಹೋಗುವ ನೀರಿಗೆ ಸಣ್ಣ ಒಡ್ಡು ಕಟ್ಟಿದರೆ ನಿಮ್ಮ ಮಸಾರಿಗೂ ತೇವ ಸಿಗುತ್ತದೆ. ಅದು ಗುತ್ತಿಗೆಯಷ್ಟು ಹಣ ತರಲಾರದು ಎಂಬುದನ್ನು ನಾನು ಬಲ್ಲೆ.

ಗೋಕಾಕದ ಸಸ್ಯಕ್ಷೇತ್ರದಲ್ಲಿ ದುಡಿಯುವವಳು:

ರೈತ ಅಣ್ಣಾವ್ರೆ, ಏನೇ ತೀರ್ಮಾನ ಮಾಡಿದರೂ ಮೊದಲು ಅವ್ವನವರನ್ನು ಕರೆದುಕೊಂಡು ಹೋಗಿ ಎಲ್ಲೆಲ್ಲಿ ಏನೇನು ಕಂಡಿದ್ದಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಸಂದಿನ ಗಿಡದ ಬೀಜ ಸಿಕ್ಕರೆ ಒಂದು ಹಿಡಿ ಕಳುಹಿಸಿ, ಇಲ್ಲಿ ಮೊಳೆಯುತ್ತದೆಯೇ ನೋಡುತ್ತೇನೆ. ಬೇರು ಕೀಳಬೇಡಿ.

ಹುನಗುಂದ ತಾಲ್ಲೂಕಿನ ರೈತ:

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಅವ್ವ, ತಮ್ಮ, ನಾನು ಮೂವರೂ ಬಂಡೆಗೆ ಹೋಗಿದ್ದೆವು. ಅವ್ವ ನೇರವಾಗಿ ಈಶಾನ್ಯದ ಮೂಲೆಗೆ ನಡೆದಳು. ಆನೆಯಂಥ ಎರಡು ಗುಂಡುಗಳ ನಡುವೆ ಎರಡು ಮೊಳ ಅಗಲದ ಸಂದಿದೆ, ನಾನು ಚಿಕ್ಕವನಿದ್ದಾಗ ಅಡಗುವ ಆಟಕ್ಕೆ ಅಲ್ಲಿಗೇ ಓಡುತ್ತಿದ್ದೆ. ಹೊರಗೆ ಚಪ್ಪಲಿಯ ಅಡಿಯೂ ಕಾಯುತ್ತಿತ್ತು, ಒಳಗೆ ಕಲ್ಲಿಗೆ ಬೆನ್ನು ಕೊಟ್ಟರೆ ತಂಪಾಗಿತ್ತು. ಮಂಗರಬಳ್ಳಿಯ ನಾಲ್ಕು ಮೂಲೆಯ ದಂಟುಗಳು ಗುಂಡನ್ನು ಹಬ್ಬಿ ಮೇಲೆ ಹೋಗಿದ್ದವು. ಅವ್ವ ಎಳೆಯ ದಂಟುಗಳನ್ನು ಮುರಿದು ಸೆರಗಿನಲ್ಲಿ ಕಟ್ಟಿಕೊಂಡಳು. ಕಲ್ಲರಳಿಯ ಬುಡದಲ್ಲಿ ಗೇಣುದ್ದದ ಮರಿ ಒಂದು, ಮೊಳದುದ್ದದ್ದು ಎರಡು ಇವೆ. ಮೊಳಕೈವರೆಗೆ ಕೈಯಿಟ್ಟು ನೋಡಿದ್ದು ತಮ್ಮ, ಮಣ್ಣು ಅವನ ಬೆರಳಿಗೆ ಅಂಟಿತ್ತು. ಗೋಡೆಯಲ್ಲಿ ಒಣಗಿ ಮುದುರಿದ ಕೆಲವು ಜರಿಗಳಿದ್ದವು. ಅವು ವಿದ್ಯಾರ್ಥಿನಿಯವರು ಬರೆದ ಮಯೂರಶಿಖೆಯೋ ಏನೋ ಎಂದು ಒಂದರ ಮೇಲೆ ತಮ್ಮ ಬಾಟಲಿಯ ನೀರು ಹಾಕಿದ್ದಾನೆ. ಇಂದು ಬೆಳಿಗ್ಗೆ ನಾವು ಏಳುವ ಮುಂಚೆಯೇ ಅದನ್ನು ನೋಡಲು ಅವನು ಒಬ್ಬನೇ ಹೋಗಿದ್ದ. ಒಂದು ಗರಿ ಅರ್ಧ ಬಿಚ್ಚಿಕೊಂಡಿದೆಯಂತೆ. ಖಡಿ ಮಷಿನ್‌ನವರಿಗೆ ಮಳೆಗಾಲ ಮುಗಿಯುವವರೆಗೆ ಕಾಯಲು ಹೇಳಿದ್ದೇವೆ.